ಸುಣ್ಣ ಬಳಿದ ಆರು ಮರಗಳು

ಝೆಲೀ ನಾರ್ಸಿಸ್ ಕಾಫಿಯ ಮೊದಲ ಗುಟುಕನ್ನು ಎಂದೂ ತಾನು ಕುಡಿದವಳಲ್ಲ. ಬೆಳಿಗ್ಗೆ ಎದ್ದು, ಚಿಕೋರಿ ಬೆರೆಸಿದ ಪುಡಿಯ ಮೇಲೆ ಚಮಚ ಚಮಚವಾಗಿ ಬಿಸಿನೀರು ಬಿಟ್ಟು, ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಜಪಸರ ಹಿಡಿದು ಕೂರುತ್ತಿದ್ದಳು. ಆಮೇಲೆ ಲೋಟ ತುಂಬಿಸಿಕೊಂಡು ಹಿತ್ತಿಲ ಮೆಟ್ಟಿಲಿಗೆ ಬಂದು, ಕಬ್ಬಿನ ಗದ್ದೆಯ ಕಡೆ ಮುಖ ಮಾಡಿ ನಿಂತು, ಒಂದು ಗುಟುಕಿನಷ್ಟನ್ನು ನೆಲಕ್ಕೆ ಸುರಿಯುತ್ತಿದ್ದಳು. ಉಳಿದದ್ದು ಅವಳಿಗೆ.

ಒಂದು ವರ್ಷ ಚಂಡಮಾರುತಕ್ಕೆ ಹೆದರಿ ಊರಿಗೆ ಊರೇ ಉತ್ತರಕ್ಕೆ ಹೋಗಿ ಯಾವುದೋ ಶಾಲೆಯಲ್ಲಿ ಮಲಗಿತ್ತು. ಅಲ್ಲಿಯೂ ಇವಳು ಕಾಗದದ ಲೋಟ ಹಿಡಿದು ಕಾವಲುಗಾರನ ಹತ್ತಿರ ಹೋಗಿ, "ಅಪ್ಪಾ, ದೊರ್ವೀಲ್ ತೋಟ ಯಾವ ದಿಕ್ಕಿಗೆ ಬರುತ್ತೆ?" ಎಂದು ಕೇಳಿ, ಅವನು ತೋರಿಸಿದ ಕಡೆಗೆ ತಿರುಗಿ ಒಂದು ಹೂಕುಂಡಕ್ಕೆ ಸುರಿದಳು. ಗಂಡ ಬದುಕಿದ್ದಾಗ ರೇಗಿಸುತ್ತಿದ್ದನಂತೆ: "ನಲವತ್ತು ವರ್ಷದಿಂದ ಇರುವೆಗಳಿಗೆ ಕಾಫಿ ಕುಡಿಸ್ತಿದೀಯಲ್ಲೇ, ಒಂದಾದ್ರೂ ಬಂದು ಚೆನ್ನಾಗಿದೆ ಅಂತಾ?" ಇವಳು ನಗುತ್ತಿದ್ದಳು. ಯಾಕೆಂದು ಅವನಿಗೂ ಹೇಳಿರಲಿಲ್ಲ.

ಅವಳು ನನ್ನ ನನಾನ್, ಎಂದರೆ ಜ್ಞಾನತಾಯಿ. ನಾನು ಕೂಸಾಗಿದ್ದಾಗ ಚರ್ಚಿನ ತೀರ್ಥದ ತೊಟ್ಟಿಯ ಮೇಲೆ ನನ್ನನ್ನು ಎತ್ತಿ ಹಿಡಿದು, ನನ್ನ ಪರವಾಗಿ ದೇವರಿಗೆ ಮಾತು ಕೊಟ್ಟವಳು. ಕೊಟ್ಟ ಮಾತಿನ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಅವಳು ತೀರಿಕೊಂಡು ಈ ಚಳಿಗಾಲಕ್ಕೆ ಎರಡು ವರ್ಷ. ಒಂದೇ ಒಂದು ಸಲ ಅವಳು ಮಾತು ಮುರಿದಳು. ಅದನ್ನೇ ಬರೆದಿಡಬೇಕೆಂದು ಕುಳಿತಿದ್ದೇನೆ.

ದೊರ್ವೀಲ್ ತೋಟ ನದಿಯ ಏರಿಯಿಂದ ಶುರುವಾಗುತ್ತದೆ. ಮೊದಲು ಇಟ್ಟಿಗೆಯ ಕಂಬಗಳ ಮೇಲೆ ನಿಂತ ಹಳದಿ ಬಣ್ಣದ ದೊಡ್ಡಮನೆ, ಅದರ ಬೆನ್ನಿಗೆ ಸಾಲುಮನೆಗಳು, ಪಾಳುಬಿದ್ದ ಆಲೆಮನೆ, ಆಮೇಲೆ ಕಣ್ಣಿಗೆ ಕಾಣುವಷ್ಟೂ ಕಬ್ಬು, ಕೊನೆಗೆ ಜೌಗು. ಒಂದು ಕಾಲಕ್ಕೆ ಸಾಲುಮನೆಗಳಲ್ಲಿ ಗುಲಾಮರಿದ್ದರು. ಬಿಡುಗಡೆಯಾದ ಮೇಲೆ ಅವರ ಮಕ್ಕಳು ಅದೇ ಮನೆಗಳಲ್ಲಿ ಕೂಲಿಯವರಾಗಿ ಉಳಿದರು. ನನಾನ್ ಹುಟ್ಟಿದ್ದು ಮೂರನೆಯ ಮನೆಯಲ್ಲಿ. ಅಪ್ಪ ವಾಲ್ಸಿನ್ ತೋಟದ ಟ್ರ್ಯಾಕ್ಟರ್ ಓಡಿಸುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ಬೆಳೆಸಿದವಳು ಅಜ್ಜಿ, ಮೆಮೆ ಒಲಾಂಪ್. ಹನ್ನೆರಡನೆಯ ವಯಸ್ಸಿಗೆ ನನಾನ್ ದೊಡ್ಡಮನೆಗೆ ಇಸ್ತ್ರಿ ಮಾಡಲು ಹೋದಳು. ಆಮೇಲೆ ಅಡುಗೆಮನೆ, ಆಮೇಲೆ ನೆಲ ಒರೆಸುವುದು. ಮನೆತನದ ಕೊನೆಯ ಮುದುಕಿ ಸತ್ತು, ಆಸ್ತಿ ಮಾರಾಟವಾಗಿ, ಹೊಸಬರು ಅದನ್ನು ಜನ ನೋಡಲು ತೆರೆದಾಗಲೂ ಒರೆಸುವ ಬಟ್ಟೆ ಇವಳ ಕೈಯಲ್ಲೇ ಇತ್ತು.

ಗೈಡ್ ಆದದ್ದು ಒಂದು ಸೋಮವಾರ. ಗೈಡ್ ಹುಡುಗಿ ಬರಲಿಲ್ಲ, ಅಂಗಳದಲ್ಲಿ ನಲವತ್ತು ಜನರ ಬಸ್ಸು ನಿಂತಿತ್ತು. ಮ್ಯಾನೇಜರ್ ಮಿಸ್ ಪ್ರಿಸಿಲಾ ಬಿಳಿಯ ಹೆಂಗಸು, ದೂರದ ಊರಿನವಳು, ಆಗಿನ್ನೂ ಹೊಸಬಳು. ಕೈ ಹಿಸುಕಿಕೊಳ್ಳುತ್ತಾ ಆಚೆ ಈಚೆ ಓಡಾಡುತ್ತಿದ್ದಳು.

ನನಾನ್ ಬಕೆಟ್ಟು ಕೆಳಗಿಟ್ಟು ಕೇಳಿದಳು: "ನಾನೇ ಹೇಳ್ಲಾ ಅಮ್ಮ?"

"ನಿಮಗೆ ಬರುತ್ತಾ ಮಿಸ್ ಝೆಲೀ? ಹನ್ನೊಂದು ಪುಟ ಇದೆ!"

"ಎಷ್ಟು ಪುಟ ಅಂತ ಗೊತ್ತಿಲ್ಲ. ದಿನಕ್ಕೆ ಆರು ಸಲ ಅವರು ಹೇಳೋದು, ನಾನು ಒರೆಸೋದು. ಎಲ್ಲಿ ಕೆಮ್ತಾರೆ ಅನ್ನೋದೂ ಬಾಯಿಪಾಠ ಆಗಿದೆ."

ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೋದವಳು ಮತ್ತೆ ಅದನ್ನು ಕಟ್ಟಲಿಲ್ಲ.

ನಾನು ಆ ದಿನಗಳಲ್ಲಿ ಅಲ್ಲೇ ಟಿಕೆಟ್ ಹರಿಯುತ್ತಿದ್ದೆ. ಅವಳ ಮಾತು ಕೇಳಲು ಬಾಗಿಲ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಎಂದೂ ದನಿ ಏರಿಸಿದವಳಲ್ಲ. ಬಂದವರು ಹಾಸಿಗೆಯ ಮೇಲಿನ ಕಸೂತಿ, ಪಿಂಗಾಣಿ ತಟ್ಟೆ ಎಲ್ಲ ನೋಡಿ ಮೃದುವಾಗಿ, ಕೊನೆಗೆ ಯಾರಾದರೊಬ್ಬರು ಕೇಳಿಯೇ ಕೇಳುವರು.

"ಈ ಮನೆಯವರು ಪಾಪ ಒಳ್ಳೆಯವರಂತೆ, ಗುಲಾಮರನ್ನ ಚೆನ್ನಾಗಿ ನೋಡ್ಕೋತಿದ್ರಂತೆ, ಹೌದಾ?"

"ಇರಬಹುದಮ್ಮ," ಎನ್ನುವಳು ನನಾನ್. "ನಮ್ಮ ಮೆಮೆಯ ಅಜ್ಜಿ ಸನೀತ್ ಅಂತ. ಈ ಒಳ್ಳೆಯವರ ಮನೆಯಿಂದ ಅವಳು ಎರಡು ಸಲ ಓಡಿಹೋದಳು. ಎರಡನೇ ಸಲ ಹಿಡಿಯೋಕೆ ಹಿಂದೆ ನಾಯಿ ಬಿಟ್ಟರು. ನಾಯಿಗಳೂ ಒಳ್ಳೆ ತಳಿಯವೇ ಅಂತೆ."

ಕೇಳಿದವರು ನೆಲ ನೋಡುವರು. ಇವಳು ಅವರ ಮುಖ ನೋಡದೆ ಮುಂದಿನ ಕೋಣೆಗೆ ಹೊರಡುವಳು. ನಾಚಿದವರನ್ನು ಇನ್ನಷ್ಟು ನಾಚಿಸುವುದು ಅವಳ ಸ್ವಭಾವವಲ್ಲ.

ಆಲೆಮನೆಯ ಹತ್ತಿರ ಹಳೆಯ ಕೊಪ್ಪರಿಗೆಗಳಿದ್ದವು, ಒಂದೊಂದರಲ್ಲಿ ನಾಲ್ಕು ಜನ ಕೂರಬಹುದು. ಫೋಟೋಗೆಂದು ಒಳಗೆ ಇಳಿಯಲು ಹೋದವರನ್ನು, "ಬೇಡಪ್ಪ, ಅದರಲ್ಲಿ ಬೆಂದಿರೋದು ಬರೀ ಕಬ್ಬಿನ ಹಾಲಲ್ಲ," ಎಂದು ತಡೆಯುವಳು. ಆಲೆ ಆಡುವ ಮೂರು ತಿಂಗಳು ಒಲೆ ಆರುತ್ತಿರಲಿಲ್ಲವೆಂದು, ಗಾಣಕ್ಕೆ ಕಬ್ಬು ಕೊಡುವವರು ನಿಂತಲ್ಲೇ ತೂಕಡಿಸುತ್ತಿದ್ದರೆಂದು, ಗಾಣದ ಪಕ್ಕದ ಗೋಡೆಗೆ ಯಾವಾಗಲೂ ಒಂದು ಕೊಡಲಿ ಒರಗಿಸಿಟ್ಟಿರುತ್ತಿದ್ದರೆಂದು ಹೇಳುವಳು. ಕೊಡಲಿ ಯಾಕೆಂದು ಮಕ್ಕಳು ಕೇಳಿದರೆ, ತಾಯಂದಿರ ಮುಖ ನೋಡಿ, "ಗಾಣ ನಿಲ್ಲಿಸೋಕಿಂತ ಕೈ ಕಡಿಯೋದು ಬೇಗ ಆಗ್ತಿತ್ತು ಮಗ," ಎನ್ನುವಳು.

ಕೊನೆಗೆ ಎಲ್ಲರನ್ನೂ ದೊಡ್ಡಮನೆಯ ಹಿಂದಿನ ಜಗಲಿಗೆ ಕರೆತಂದು ನಿಲ್ಲಿಸುವಳು. ಅಲ್ಲಿಂದ ದೂರದಲ್ಲಿ, ಕಬ್ಬಿನ ನಡುವೆ, ಒಂದೇ ಸಾಲಿನಲ್ಲಿ ಆಕ್ರೋಟಿನಂಥ ಕಾಯಿ ಬಿಡುವ ಆರು ಪೆಕಾನ್ ಮರಗಳು ಕಾಣುತ್ತವೆ. ಹನ್ನೊಂದನೆಯ ಪುಟದಲ್ಲಿ ಬರೆದದ್ದನ್ನು ಅವಳು ಹಾಗೇ ಒಪ್ಪಿಸುವಳು: "ಆ ಮರಗಳು ಕೂಲಿಯವರು ಊಟಕ್ಕೆ ಕೂರಲೆಂದು ನೆರಳಿಗೆ ಬಿಟ್ಟವು. ಇರುವೆ ಹತ್ತದಿರಲೆಂದು ಬುಡಕ್ಕೆ ಸುಣ್ಣ ಬಳಿದಿದ್ದಾರೆ. ಬಂದದ್ದಕ್ಕೆ ಸಂತೋಷ, ದೇವರು ನಿಮ್ಮನ್ನು ಕಾಪಾಡಲಿ."

ಈ ಸುಣ್ಣ ನಾವು ಹೊಡೆಯುತ್ತಿದ್ದ ಸುಣ್ಣ. ನವೆಂಬರ್ ಒಂದು, ಸಕಲ ಸಂತರ ಹಬ್ಬಕ್ಕೆ, ಈ ಕಡೆಯ ಊರವರೆಲ್ಲ ಚರ್ಚಿನ ಅಂಗಳದಲ್ಲಿ ತಮ್ಮ ತಮ್ಮವರ ಇಟ್ಟಿಗೆ ಗೋರಿಗಳನ್ನು ತೊಳೆದು ಸುಣ್ಣ ಬಳಿದು ಮೇಣದಬತ್ತಿ ಹಚ್ಚುತ್ತೇವೆ. ನಮ್ಮ ಗೋರಿಗಳು ಮುಗಿದ ಮೇಲೆ ಬಕೆಟ್ಟಿನಲ್ಲಿ ಉಳಿದ ಸುಣ್ಣವನ್ನು ಸಾಲುಮನೆಯ ಮುದುಕಿಯರು ಆ ಮರಗಳಿಗೆ ಒಯ್ಯುತ್ತಿದ್ದರು. ನಾನು ಚಿಕ್ಕವಳಿದ್ದಾಗ ಬ್ರಷ್ ಹಿಡಿದು ಅವರ ಹಿಂದೆ ಹೋಗಿದ್ದೇನೆ. ಉಳಿದ ಸುಣ್ಣ ಹಾಳಾಗಬಾರದು, ಇರುವೆಗೂ ಒಳ್ಳೆಯದು ಎಂದೇ ನಾನು ನಂಬಿದ್ದೆ. ದೊಡ್ಡಮನೆಯವರೂ ಹಾಗೇ ನಂಬಿದ್ದರು. ಇನ್ನೊಂದು ಕಟ್ಟಳೆಯಿತ್ತು: ಆ ಮರದ ಕಾಯಿ ಯಾರೂ ತಿನ್ನಬಾರದು. "ಅದು ಕಹಿ ಜಾತಿ, ಹೊಟ್ಟೆ ನೋಯುತ್ತೆ," ಎನ್ನುತ್ತಿದ್ದರು. ಕಾಯಿ ಉದುರಿ ಅಲ್ಲೇ ಕೊಳೆಯುತ್ತಿತ್ತು. ವಾಲ್ಸಿನ್ ಅಜ್ಜ ಉಳುವಾಗ, ಬೇರಿಗೆ ನೇಗಿಲು ಮುರಿಯುತ್ತದೆಂದು ಮುದುಕಿಯರು ಹೇಳಿದ್ದನ್ನು ನಂಬಿ, ಆ ಜಾಗ ಇನ್ನೂ ಮೂವತ್ತು ಮಾರು ದೂರ ಇರುವಾಗಲೇ ನೇಗಿಲು ಎತ್ತಿಬಿಡುತ್ತಿದ್ದ. ಅವನ ನಂತರ ಬಂದ ಚಾಲಕರೂ, ಹಳೆಯವರು ಮಾಡಿದ್ದೆಂದು, ಅಲ್ಲಿಗೆ ಬಂದಾಗ ಎತ್ತುತ್ತಿದ್ದರು.

ನನಾನ್ ಗೈಡ್ ಆಗಿ ಇಪ್ಪತ್ತು ವರ್ಷವಾಗುವಷ್ಟರಲ್ಲಿ ಸುಣ್ಣಕ್ಕೆ ಹೋಗುತ್ತಿದ್ದ ಉಳಿದ ಮುದುಕಿಯರೆಲ್ಲ ತೀರಿಕೊಂಡಿದ್ದರು. ಅವಳಿಗೂ ಬಲ ಮಂಡಿ ಊದಿಕೊಂಡು, ಮೆಟ್ಟಿಲು ಹತ್ತಲು ಕಷ್ಟವಾಗಿತ್ತು.

ಆ ವರ್ಷ ಅಕ್ಟೋಬರ್‌ನಲ್ಲಿ, ಕಟಾವು ಆಗ ತಾನೇ ಶುರುವಾಗಿದ್ದಾಗ, ಒಂದು ಭಾನುವಾರ ಪೂಜೆ ಮುಗಿಸಿಕೊಂಡು ನಾವು ಅವಳ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ನಾನು, ಅವಳು, ಅವಳನ್ನು ತಾಂತ್, ಅಂದರೆ ಅತ್ತೆ, ಎಂದು ಕರೆಯುವ ಅವಳ ತಮ್ಮನ ಮಗ ಉರ್ಸಿನ್. ಉರ್ಸಿನ್‌ಗೆ ನಲವತ್ತೆರಡು. ತೋಟವನ್ನು ಗುತ್ತಿಗೆಗೆ ಹಿಡಿದ ಮಿಸ್ಟರ್ ಹೈಮೆಲ್ ಬಳಿ ಕಬ್ಬು ಕೊಯ್ಯುವ ಯಂತ್ರ ಓಡಿಸುತ್ತಾನೆ. ಬಾಯಿ ಬಿಟ್ಟರೆ ತಮಾಷೆ. ನನಾನ್ ಏಡಿ, ಬೆಂಡೆಕಾಯಿ ಹಾಕಿದ ಗಂಬೊ ಸಾರು ಮಾಡಿದ್ದಳು. ಅವನು ಎರಡನೆಯ ತಟ್ಟೆಗೆ ಅನ್ನ ಹಾಕಿಕೊಳ್ಳುತ್ತಾ ಹೇಳಿದ:

"ತಾಂತ್ ಝೆಲೀ, ನಿನ್ನ ಮಂಡಿಗೆ ಒಂದು ಒಳ್ಳೆ ಸುದ್ದಿ ತಂದಿದೀನಿ. ಈ ವರ್ಷದಿಂದ ಸುಣ್ಣದ ಬಕೆಟ್ಟು ಹೊರೋ ಹಾಗಿಲ್ಲ."

"ಯಾಕೋ?"

"ಆ ಕಹಿ ಕಾಯಿ ಮರ ಆರೂ ಬುಧವಾರ ನೆಲಕ್ಕೆ. ಆ ಪಟ್ಟಿ ಕೊಯ್ದಾಯ್ತು. ಹೊಸ ಮಿಷನ್ನು ಅಲ್ಲಿ ತಿರುಗಲ್ಲ ಅಂತ ನಾನೇ ಹೈಮೆಲ್‌ಗೆ ಹೇಳ್ದೆ. 'ಉರ್ಸಿನ್, ಈ ತೋಟದಲ್ಲಿ ತಲೆ ಇರೋನು ನೀನೊಬ್ಬನೇ' ಅಂದ. ಕೇಳಿದೆಯಾ ಅಗಾತ್? ಬರೆದಿಟ್ಕೋ."

"ಟೋಪಿ ಇಡೋಕಾದ್ರೂ ಬೇಕಲ್ಲ ತಲೆ," ಎಂದೆ ನಾನು.

ನನಾನ್ ನಗಲಿಲ್ಲ. ಸೌಟು ಹಿಡಿದ ಕೈ ಪಾತ್ರೆಯ ಮೇಲೇ ನಿಂತಿತ್ತು. "ಬೇರು ಸಮೇತ ತೆಗೀತೀಯಾ?" ಎಂದು ಕೇಳಿದಳು.

"ಬೇರು ಸಮೇತ. ಎರಡಾಳು ಉದ್ದ ಅಗೆದು, ಮಟ್ಟ ಮಾಡಿ, ಬರೋ ವರ್ಷ ಕಬ್ಬು. ಒಂದು ಎಕರೆ ಸುಮ್ನೆ ಬಿದ್ದಿತ್ತು ಇಷ್ಟು ದಿನ."

ಅವಳು ಅವನಿಗೆ ಇನ್ನೊಂದು ಸೌಟು ಬಡಿಸಿದಳು. ಅವನು ಹೋದ ಮೇಲೆ ಬಾಗಿಲು ಹಾಕಿ ಬಂದು ನನ್ನೆದುರು ಕೂತಳು. ಕೈ ಜಪಸರವನ್ನು ಹುಡುಕುತ್ತಿತ್ತು.

"ಅಗಾತ್," ಎಂದಳು. "ಅದು ನೆರಳಿನ ಮರ ಅಲ್ಲ. ಅಲ್ಲಿ ನಮ್ಮವರಿದಾರೆ."

ಆವತ್ತು ಅವಳು ಹೇಳಿದ್ದು ಇದು. ಗುಲಾಮರಿಗೆ ತೋಟದಲ್ಲಿ ಎರಡು ಸ್ಮಶಾನಗಳಿದ್ದವು, ಒಂದು ಆಲೆಮನೆಯ ಹತ್ತಿರ, ಒಂದು ಹಿಂದೆ ಕಬ್ಬಿನ ನಡುವೆ. ಕಲ್ಲಿಲ್ಲ, ಶಿಲುಬೆಯಿಲ್ಲ. ಮೆಮೆ ಒಲಾಂಪ್ ಸಣ್ಣ ಹುಡುಗಿಯಾಗಿದ್ದಾಗ ನದಿಯ ಏರಿಯನ್ನು ಎತ್ತರಿಸಲು ಮಣ್ಣು ಬೇಕಾಯಿತು. ಆಲೆಮನೆಯ ಹತ್ತಿರದ ಮೆತ್ತನೆಯ ಮಣ್ಣು ಅಗೆದರು. ಮೂಳೆ ಬಂದವು. ಸಾಲುಮನೆಯವರು ಹೋಗಿ, ಅದು ನಮ್ಮವರ ಜಾಗ ಎಂದು ಕೈಮುಗಿದು ಹೇಳಿದರು. ಆಗಿನ ಯಜಮಾನ ಹೌದೇ ಎಂದು ಕೇಳಿಕೊಂಡು, ಮಣ್ಣಿನ ಜೊತೆ ಮೂಳೆಯನ್ನೂ ಏರಿಗೆ ಹಾಕಿಸಿದ. ಆ ಮೇಲೆ ಮುದುಕಿಯರು ಸೇರಿ ಗೊತ್ತು ಮಾಡಿಕೊಂಡರು: ಹಿಂದಿನ ಜಾಗದ ಸುದ್ದಿ ದೊಡ್ಡಮನೆಗೆ ಮುಟ್ಟಬಾರದು. ಗಂಡಸರು ಕುಡಿದಾಗ ಬಾಯಿ ಬಿಡುತ್ತಾರೆ, ಮಕ್ಕಳು ಆಡುವಾಗ ಬಿಡುತ್ತಾರೆ, ಅದಕ್ಕೇ ಅವರಿಗೂ ತಿಳಿಯಬಾರದು. ಮನೆಗೊಬ್ಬಳು ಹೆಂಗಸಿಗೆ ಮಾತ್ರ. ಕಾಯಿ ಕಹಿ ಎಂದದ್ದೂ ಅವರೇ, ಸುಣ್ಣ ಇರುವೆಗೆ ಎಂದದ್ದೂ ಅವರೇ. ಮೆಮೆ ಸಾಯುವ ಮುಂಚೆ ನನಾನ್‌ಳ ಕೈಯನ್ನು ಜಪಸರದ ಮೇಲೆ ಇಡಿಸಿಕೊಂಡು ಭಾಷೆ ತೆಗೆದುಕೊಂಡಿದ್ದಳು.

"ಹಾಗಾದ್ರೆ ಬೆಳಗಿನ ಕಾಫಿ?" ಎಂದೆ.

"ಅವರಿಗೇ. ಆಲೆ ಆಡೋ ಕಾಲದಲ್ಲಿ ಕಾಫಿ ಕೊಟ್ಟು ಎಚ್ಚರ ಇಡ್ತಿದ್ರಂತೆ. ಈಗಲಾದ್ರೂ ಕೆಲಸ ಇಲ್ದೆ ಕುಡೀಲಿ ಅಂತ ಮೆಮೆ ಸುರೀತಿದ್ಲು."

"ಉರ್ಸಿನ್‌ಗೆ ಒಂದು ಮಾತು ಹೇಳಿದ್ರೆ ಅವನೇ ನಿಲ್ಲಿಸ್ತಾನೆ, ನನಾನ್."

"ಹೈಮೆಲ್ ಯಾಕೆ ಅಂತ ಕೇಳ್ತಾನಲ್ಲ. ಇವನು ಹೇಳ್ಬೇಕು. ಅವನು ಮಿಸ್ ಪ್ರಿಸಿಲಾಗೆ ಹೇಳ್ತಾನೆ. ಆಮೇಲೆ ಪುಸ್ತಕ ಓದಿದೋರು ಬರ್ತಾರೆ, ಅಗೀತಾರೆ. ಆ ಗಾಜಿನ ಪೆಟ್ಟಿಗೆ ನೋಡಿದೀಯಲ್ಲ?"

ನೋಡಿದ್ದೆ. ದೊಡ್ಡಮನೆಯ ನಡುಕೋಣೆಯಲ್ಲಿ, ಸಾಲುಮನೆಯ ಅಂಗಳ ಅಗೆದಾಗ ಸಿಕ್ಕಿದ ಮಣ್ಣಿನ ಚಿಲುಮೆ, ಮಗುವಿನ ಒಂದು ಗುಂಡಿ, ಒಂದು ಹಲ್ಲು, ಎಲ್ಲಕ್ಕೂ ದೀಪ ಹಾಕಿ ಇಟ್ಟಿದ್ದರು.

"ಸನೀತ್‌ಳನ್ನ ಅದರೊಳಗೆ ಮಲಗಿಸಿ, ನಾನೇ ಕೋಲು ಹಿಡಿದು ತೋರಿಸ್ಬೇಕಾಗುತ್ತೆ," ಎಂದಳು. "ಹೇಳಿದ್ರೆ ಹಾಗೆ. ಸುಮ್ನಿದ್ರೆ ಬುಧವಾರ ನಮ್ಮ ಹುಡುಗನೇ ಅವರನ್ನ ಅಗೆದು ಹಾಕ್ತಾನೆ, ಅದೂ ನನ್ನ ಮಂಡಿಗೆ ಉಪಕಾರ ಅಂತ."

ಇಬ್ಬರೂ ಜಪಸರ ಹಿಡಿದು ಕುಳಿತೆವು.

ಸೋಮವಾರ, ಮಂಗಳವಾರ ಅವಳು ಹನ್ನೊಂದು ಪುಟವನ್ನೂ ತಪ್ಪಿಲ್ಲದೆ ಒಪ್ಪಿಸಿದಳು. ಬುಧವಾರ ಬೆಳಿಗ್ಗೆ ಅವಳನ್ನು ಕರೆದೊಯ್ಯಲು ನಾನು ಹೋದಾಗ ಹಿತ್ತಿಲ ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಗುಟುಕು ಸುರಿದಳು. ತಡೆದಳು. ಆಮೇಲೆ ಲೋಟದಲ್ಲಿದ್ದದ್ದನ್ನೆಲ್ಲ ಸುರಿದುಬಿಟ್ಟಳು.

ಹತ್ತು ಗಂಟೆಯ ಗುಂಪಿನಲ್ಲಿ ಇಪ್ಪತ್ತೆರಡು ಜನ. ಕಸೂತಿ, ಪಿಂಗಾಣಿ, ಕೊಪ್ಪರಿಗೆ ಎಲ್ಲ ಮುಗಿಸಿ ಹಿಂದಿನ ಜಗಲಿಗೆ ಬಂದರು. ಕೊಯ್ದ ಗದ್ದೆಯಾಚೆ ಆರೂ ಮರಗಳು ಬುಡದವರೆಗೆ ಕಾಣುತ್ತಿದ್ದವು. ಅವುಗಳ ಪಕ್ಕದಲ್ಲಿ ಹಳದಿಯ ಬುಲ್ಡೋಜರ್ ನಿಂತಿತ್ತು.

"ಆ ಮರಗಳು ಕೂಲಿಯವರು ಊಟಕ್ಕೆ ಕೂರಲೆಂದು..." ಎಂದು ನನಾನ್ ಶುರು ಮಾಡಿದಳು. ಅಷ್ಟರಲ್ಲಿ ಅಲ್ಲಿ ಎಂಜಿನ್ ಗುಡುಗಿತು. ಅವಳು ನಿಲ್ಲಿಸಿದಳು. ಜನ ಕಾದರು. ಯಾರೋ ಕೆಮ್ಮಿದರು.

"ಇಲ್ಲ," ಎಂದಳು. "ಇದೊಂದು ನಾನು ಇಪ್ಪತ್ತು ವರ್ಷದಿಂದ ಸುಳ್ಳು ಹೇಳ್ತಾ ಬಂದಿದೀನಿ. ನಿಜ ಅಲ್ಲಿದೆ. ಮಳೆ ಬಂದು ಕೆಸರಾಗಿದೆ. ಚಪ್ಪಲಿ ಹಾಳಾದ್ರೂ ಪರವಾಗಿಲ್ಲ ಅನ್ನೋರು ನನ್ನ ಜೊತೆ ಬನ್ನಿ."

ಎಂದವಳೇ ಮೆಟ್ಟಿಲಿಳಿದಳು. ನಾನು ಟಿಕೆಟ್ ಪೆಟ್ಟಿಗೆ ಹಾಗೇ ಬಿಟ್ಟು ಓಡಿಹೋಗಿ ಅವಳ ತೋಳು ಹಿಡಿದೆ. ಹಿಂದೆ ಮೂರು ಜನ ಮಾತ್ರ ಉಳಿದರು, ಉಳಿದವರೆಲ್ಲ ಬಂದರು. ಅರ್ಧ ಮೈಲಿ. ಒಂದೊಂದು ಹೆಜ್ಜೆಗೂ ಕೆಸರು ಕಾಲು ಹಿಡಿದು ಎಳೆಯುತ್ತಿತ್ತು, ಕೂಳೆ ಕಬ್ಬಿನ ಮೊನೆ ಪಾದಕ್ಕೆ ಚುಚ್ಚುತ್ತಿತ್ತು. ನನಾನ್ ಎಲ್ಲಿಯೂ ನಿಲ್ಲಲಿಲ್ಲ. ನೋವಾದಾಗ ಮೂಗಿನಲ್ಲಿ ಉಸಿರು ಬಿಡುತ್ತಿದ್ದಳು, ಅಷ್ಟೇ.

ಉರ್ಸಿನ್ ಮೇಲಿನಿಂದ ನೋಡಿ ಕೂಗಿದ: "ತಾಂತ್! ಬಸ್ಸು ತುಂಬ ಜನ ಕರ್ಕೊಂಡು ಬಂದಿದೀಯಲ್ಲ! ನಾನು ಮರ ಬೀಳಿಸೋದಕ್ಕೂ ಟಿಕೆಟ್ಟಾ?"

"ಎಂಜಿನ್ ಆರಿಸು."

"ಏನು?"

"ಆರಿಸು ಅಂದೆ. ಕೆಳಗಿಳಿ. ಟೋಪಿ ತೆಗಿ."

ಟೋಪಿ ತೆಗಿ ಎಂದಾಗ ಅವನ ನಗು ಹೋಯಿತು. ಚರ್ಚಿನಲ್ಲಿ, ಹೆಣದ ಮುಂದೆ ಮಾತ್ರ ಅವಳು ಅವನಿಗೆ ಹಾಗೆ ಹೇಳಿದ್ದಳು. ಇಳಿದು ಬಂದ. ನನಾನ್ ಕಷ್ಟಪಟ್ಟು ಬಗ್ಗಿ ಎರಡು ಕಾಯಿ ಆರಿಸಿ, ಅಂಗೈಯಲ್ಲಿ ಒಂದಕ್ಕೊಂದು ಒತ್ತಿ ಒಡೆದು, ತಿರುಳನ್ನು ಅವನಿಗೆ ಚಾಚಿದಳು.

"ತಿನ್ನು."

"ಕಹಿ ಅಲ್ವಾ?"

"ತಿನ್ನೋ."

ಅವನು ಬಾಯಿಗೆ ಹಾಕಿಕೊಂಡು ಅಗಿದ. ನಮ್ಮೆಲ್ಲರ ಮುಖ ನೋಡಿದ. "ಸಿಹಿ ಇದೆ," ಎಂದ ಮೆಲ್ಲಗೆ.

"ಕಹಿ ಅಂತ ನಿಮ್ಮಪ್ಪನಿಗೆ ಹೇಳಿದ್ದು ಸುಳ್ಳು. ನಿನಗೆ ಹೇಳಿದ್ದೂ ಸುಳ್ಳು. ಇವರ ಮೇಲೆ ಬೆಳೆದದ್ದನ್ನ ಹೇಗೋ ತಿನ್ನೋದು ಮಗ?"

ಆಮೇಲೆ ಅವಳು ಬಂದವರನ್ನು ಮರೆತೇಬಿಟ್ಟಳು. ಮೊದಲನೆಯ ಮರದ ಸುಣ್ಣದ ಮೇಲೆ ಕೈಯಿಟ್ಟು ಅವನೊಬ್ಬನಿಗೇ ಹೇಳಿದಳು: "ಇವಳು ಸನೀತ್. ಎರಡು ಸಲ ಓಡಿಹೋದವಳು. ನಿನ್ನ ತುಂಟತನ ಎಲ್ಲಿಂದ ಬಂತು ಅಂದ್ಕೊಂಡಿದೀಯ?" ಎರಡನೆಯದಕ್ಕೆ ಹೋದಳು. "ತೆಲೆಮಾಕ್. ಗಾಣಕ್ಕೆ ಕಬ್ಬು ಕೊಡ್ತಾ ತೂಕಡಿಸಿದ. ತೋಳು ಹೋಯ್ತು. ಒಂಬತ್ತು ದಿನ ಬದುಕಿದ್ದ, ನೀರು ಅಂತ ಒಂದೇ ಮಾತು." ಮೂರನೆಯದು ಹೊನೊರೀನ್, ಸೂಲಗಿತ್ತಿ. ತಾನು ಹಿಡಿದೆತ್ತಿದ ಮಕ್ಕಳು ಮಾರಾಟವಾಗಿ ಹೋಗುವ ದಿನ ಏರಿಯ ಮೇಲೆ ನಿಂತು ಅವರವರ ಹೆಸರು ಕೂಗುತ್ತಿದ್ದವಳು. ನಾಲ್ಕನೆಯದರ ಬುಡದಲ್ಲಿ ಕೂಸುಗಳು. "ಇವಕ್ಕೆ ಹೆಸರಿಲ್ಲ. ಇಡೋಷ್ಟು ದಿನ ಉಳೀಲಿಲ್ಲ." ಐದನೆಯದು ಬಸ್ತಿಯೆನ್, ಮರಗೆಲಸದವ. ದೊಡ್ಡಮನೆಯ ಮೆಟ್ಟಿಲು ಅವನು ಮಾಡಿದ್ದು, ಈಗ ತಾನೇ ಎಲ್ಲರೂ ಇಳಿದು ಬಂದದ್ದು ಅದರ ಮೇಲೇ.

ಆರನೆಯ ಮರದ ಹತ್ತಿರ ಬಂದು ಅವಳು ಸುಣ್ಣದ ಮೇಲೆ ಕೈಯಿಟ್ಟಳು.

"ಇದು ಯಾರು ತಾಂತ್?"

"ಗೊತ್ತಿಲ್ಲ ಕಣೋ," ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮೆಮೆ ಹೇಳಿದ್ಲು. ಗಂಡಸೋ ಹೆಂಗಸೋ ಅದೂ ಮರೆತಿದೆ. ಯಾರಿಗೂ ಹೇಳ್ದೆ, ಒಂದು ದಿನವೂ ಬಾಯಿಬಿಟ್ಟು ಕರೀದೆ, ನಾನೇ ಕಳ್ಕೊಂಡ್ಬಿಟ್ಟೆ. ದೊಡ್ಡಮನೆಯವರು ಮಾಡ್ಲಿಲ್ಲ ಇದನ್ನ. ನಾನು ಮಾಡ್ದೆ."

ಉರ್ಸಿನ್ ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ. "ನನಗೊಂದು ಮಾತು ಹೇಳ್ಬಾರದಿತ್ತಾ? ಇನ್ನು ಹತ್ತು ನಿಮಿಷ ತಡ ಆಗಿದ್ರೆ... ನಾನೇ ಅಲ್ವಾ ಇವರನ್ನ..."

"ಹೌದು. ನಾವು ದೊಡ್ಡಮನೆಯವರಿಂದ ಮುಚ್ಚಿಟ್ವಿ, ಮುಚ್ಚಿಟ್ವಿ, ಕೊನೆಗೆ ಅವರ ಕೆಲಸ ನಮ್ಮ ಹುಡುಗನ ಕೈಗೇ ಬಂತು."

ಅವನು ಅಲ್ಲೇ ಫೋನು ತೆಗೆದು ಹೈಮೆಲ್‌ಗೆ ಹೇಳಿದ: "ಸ್ವಾಮಿ, ಇದು ನನ್ನಿಂದ ಆಗಲ್ಲ. ಇಲ್ಲಿ ನನ್ನ ಜನ ಮಲಗಿದಾರೆ." ಆ ಕಡೆಯಿಂದ ಬಂದ ಕೂಗು ನಮಗೂ ಕೇಳಿಸಿತು. ನಾಳೆ ಬೇರೆಯವನನ್ನು ಕಳಿಸುತ್ತಾನಂತೆ. ಉರ್ಸಿನ್ ಯಂತ್ರದ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಬಂದವರಲ್ಲಿ ಯಾರೂ ಫೋಟೋ ತೆಗೆಯಲಿಲ್ಲ. ಒಬ್ಬ ಮುದುಕ ತಾನೂ ಟೋಪಿ ತೆಗೆದು ನಿಂತಿದ್ದ. ಅಷ್ಟರಲ್ಲಿ ಮಿಸ್ ಪ್ರಿಸಿಲಾ ಬಿಳಿ ಬೂಟಿನಲ್ಲಿ ಏಳುತ್ತಾ ಬೀಳುತ್ತಾ ಗದ್ದೆ ದಾಟಿ ಬಂದಳು. ಬಯ್ಯಲೆಂದೇ ಬಂದಿರಬೇಕು. ಮರಗಳ ಹತ್ತಿರ ಬರುವಷ್ಟರಲ್ಲಿ ಬಯ್ಯುವ ಮುಖ ಉಳಿದಿರಲಿಲ್ಲ.

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಮಿಸ್ ಝೆಲೀ?" ಎಂದು ಕೇಳಿದಳು.

"ಹಿಂದೊಂದು ಸಲ ಹೇಳಿದ್ವಮ್ಮ. ಅವರು ಈಗ ನದಿಯ ಏರಿಯೊಳಗಿದ್ದಾರೆ."

ನನಾನ್ ಅವಳಿಂದ ಎರಡು ಮಾತು ಕೇಳಿದಳು. ಅಗೆಯಬಾರದು. ಗಾಜಿನ ಪೆಟ್ಟಿಗೆ ಬೇಡ. ಪ್ರಿಸಿಲಾ ಎರಡಕ್ಕೂ ಒಪ್ಪಿದಳು. ಜಮೀನಿನ ಮಾಲೀಕರ ಹತ್ತಿರ ಆ ದಿನವೇ ಹೋಗಿ ಕೂತಳು, ಒಪ್ಪಿಸಿಯೇ ಎದ್ದಳು. ಮರುವಾರ ವಿಶ್ವವಿದ್ಯಾಲಯದವರು ಬಂದು, ಅಗೆಯದೆ ನೆಲದೊಳಗನ್ನು ನೋಡುವ, ಹುಲ್ಲು ಕತ್ತರಿಸುವ ಯಂತ್ರದಂಥ ಒಂದನ್ನು ನೆಲದ ಮೇಲೆ ತಳ್ಳಿಕೊಂಡು ಓಡಾಡಿದರು. ಮಣ್ಣು ಮುಟ್ಟಲಿಲ್ಲ. ಕೆಳಗೆ ನಲವತ್ತೊಂದು ಜನ ಮಲಗಿದ್ದಾರೆ ಎಂದರು. ಹೈಮೆಲ್‌ಗೆ ಆ ಒಂದು ಎಕರೆ ಬಿಡಬೇಕಾಯಿತು. ಉರ್ಸಿನ್‌ನನ್ನು ಒಂದು ತಿಂಗಳು ಕೆಲಸಕ್ಕೆ ಕರೆಯಲಿಲ್ಲ, ಕಟಾವು ಹಿಂದೆ ಬಿದ್ದಾಗ ತಾನಾಗಿಯೇ ಕರೆದ.

ನನಾನ್ ಮಾತ್ರ ಹಗುರಾಗಲಿಲ್ಲ. ಶನಿವಾರ ಚರ್ಚಿಗೆ ಹೋಗಿ, ಭಾಷೆ ಮುರಿದೆನೆಂದು ಪಾಪನಿವೇದನೆ ಮಾಡಿಕೊಂಡು ಬಂದಳು. "ಸ್ವಾಮಿಗಳು ಏನಂದ್ರು?" ಎಂದೆ. "ಅದು ಪಾಪ ಅಲ್ಲ ಅಂದ್ರು. ಅವರಿಗೇನು, ಅವರು ಮೆಮೆಯನ್ನ ನೋಡಿಲ್ಲ," ಎಂದಳು. ಆರನೆಯ ಹೆಸರಿಗಾಗಿ ಚರ್ಚಿನ ಹಳೆಯ ದಫ್ತರಗಳನ್ನು ನಾನು ಅವಳಿಗೆ ಓದಿ ಹೇಳುತ್ತಾ ಬಂದೆ. ಅವಳು ಕಣ್ಣು ಮುಚ್ಚಿ ಕೇಳುವಳು, ಒಂದೊಂದು ಹೆಸರಿಗೂ ತಲೆಯಾಡಿಸುವಳು: ಇದಲ್ಲ. ಆ ಹೆಸರು ಕೊನೆಯವರೆಗೂ ಸಿಗಲಿಲ್ಲ.

ಆ ವರ್ಷದ ಸಕಲ ಸಂತರ ಹಬ್ಬ ಬಂತು. ಚರ್ಚಿನ ಅಂಗಳದ ಗೋರಿಗಳನ್ನು ಬೆಳಿಗ್ಗೆಯೇ ಮುಗಿಸಿದೆವು. ಈ ಸಲ ಮರಗಳಿಗೆ ಉಳಿದ ಸುಣ್ಣವಲ್ಲ, ಬೇರೆಯೇ ಒಂದು ಬಕೆಟ್ಟು ಕಲಸಿಟ್ಟಿದ್ದಳು. ದೊಡ್ಡಮನೆಯ ಹಿಂದೆ ಗದ್ದೆಯ ಅಂಚಿಗೆ ನಾವು ಮೂವರು ಬಂದಾಗ ಮಿಸ್ ಪ್ರಿಸಿಲಾ ಕಾಯುತ್ತಿದ್ದಳು. ಪಕ್ಕದಲ್ಲಿ ಮೆತ್ತನೆಯ ಸೀಟಿನ ಸಣ್ಣ ಗಾಡಿ, ಬಣ್ಣ ಬಳಿಯುವ ಇಬ್ಬರು ಆಳುಗಳು.

"ನಿಮಗೇ ಅಂತ ತರಿಸಿದೀನಿ ಮಿಸ್ ಝೆಲೀ. ಹತ್ತಿ. ಅಲ್ಲಿ ಕುರ್ಚಿ ಹಾಕಿದೆ, ನೀವು ಕೂತು ಹೇಳಿ, ಇವರು ಸುಣ್ಣ ಹೊಡೀತಾರೆ. ಬರೋ ವರ್ಷದೊಳಗೆ ಇಲ್ಲಿಂದ ಅಲ್ಲೀತನಕ ಕಪ್ಪೆಚಿಪ್ಪು ಹಾಸಿ ಹಾದಿ ಮಾಡಿಸ್ತೀನಿ. ನಿಮ್ಮ ಹೆಸರೇ ಇಡೋಣ. ಆ ಮಂಡಿ ನೋಡಿ, ಹೇಗೆ ಊದಿದೆ!"

ಅವಳ ಮಾತಿನಲ್ಲಿ ಕಪಟವಿರಲಿಲ್ಲ. ನನಾನ್‌ಗೂ ಅದು ಗೊತ್ತಿತ್ತು. ಪ್ರಿಸಿಲಾಳ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು.

"ದೇವರು ನಿಮಗೆ ಒಳ್ಳೇದು ಮಾಡ್ಲಿ ಅಮ್ಮ. ಗಾಡಿ ಬೇಡ, ಹಾದೀನೂ ಬೇಡ. ಹಾದಿ ಆದ್ರೆ ಜನ ಐಸ್‌ಕ್ರೀಮ್ ತಿಂತಾ ಬರ್ತಾರೆ. ನನ್ನ ಹೆಸರಂತೂ ಬೇಡ, ಅಲ್ಲಿ ಒಬ್ಬರ ಹೆಸರನ್ನ ನಾನೇ ಕಳೆದಿದೀನಿ. ಸುಣ್ಣ ನಾವೇ ಹೊಡ್ಕೋತೀವಿ. ನಿಮಗೆ ಏನಾದ್ರೂ ಮಾಡ್ಲೇಬೇಕು ಅನ್ನಿಸಿದ್ರೆ, ಆ ಬಿಳಿ ಬೂಟು ಬಿಚ್ಚಿಟ್ಟು ನಮ್ಮ ಹಿಂದೆ ಬನ್ನಿ."

ಎಂದು ಹೇಳಿ, ಬಕೆಟ್ಟಿನ ಹಿಡಿಯ ಒಂದು ಬದಿಯನ್ನು ಉರ್ಸಿನ್‌ಗೆ ಕೊಟ್ಟು, ಇನ್ನೊಂದು ಬದಿಯನ್ನು ತಾನು ಹಿಡಿದು, ಗಾಡಿಯನ್ನು ಬಳಸಿಕೊಂಡು ಕೆಸರಿಗೆ ಇಳಿದಳು.